ಹೊಸ ಬೇರಿಂಗಿಗೆ ದಪ್ಪ ಆಯಿಲ್

ಕ್ರ್ಯಾಂಕಿನ ಬೇರಿಂಗ್ ಬದಲಾಯಿಸಿದ ಮೇಲೆ ಯಾವ ಆಯಿಲ್ ಹಾಕಬೇಕು ಅಂತ ಕೊಳ್ಳೇಗಾಲದ ಶೆಡ್ಡುಗಳಲ್ಲಿ ಕೇಳಿದರೆ ಉತ್ತರ ಬೆರಳ ತುದಿಯಲ್ಲೇ ಸಿಗುತ್ತದೆ. ಮೆಕ್ಯಾನಿಕ್ ಡಬ್ಬದಿಂದ ಒಂದು ತೊಟ್ಟು ಬಿಟ್ಟುಕೊಂಡು, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಎಳೆ ಎಳೆದು ನೋಡುತ್ತಾರೆ. "ಇದು ನೀರಿದ್ದಂಗದ ಕಣಣ್ಣ, 20W-50 ಹಾಕ್ಬುಡು, ಬೇರಿಂಗ್ ಚೆಂದಾಗಿ ಕೂತ್ಕತದ."

ಈ 'ಕೂತ್ಕತದ' ಎನ್ನುವುದರಲ್ಲೇ ನನ್ನ ತಕರಾರಿದೆ. ಪಿಸ್ಟನ್ ರಿಂಗ್ ಬೋರಿಗೆ ಉಜ್ಜಿ ಉಜ್ಜಿ ಕೂರಬೇಕು, ಒಪ್ಪಿದೆ. ಬೇರಿಂಗ್ ಶೆಲ್ ಮಾತ್ರ ಕ್ರ್ಯಾಂಕಿಗೆ ತಾಗಲೇಕೂಡದು. ತಿರುಗುವ ಕ್ರ್ಯಾಂಕ್ ಆಯಿಲನ್ನು ತನ್ನಡಿಗೆ ಎಳೆದುಕೊಂಡು ಆ ಪದರದ ಮೇಲೆ ತೇಲುತ್ತದೆ. ಆಸ್ಬೋರ್ನ್ ರೆನಾಲ್ಡ್ಸ್ 1886ರಲ್ಲೇ ಇದರ ಲೆಕ್ಕ ಹಾಕಿಟ್ಟ. 50 ಮಿ.ಮೀ. ದಪ್ಪದ ಕ್ರ್ಯಾಂಕ್ ಪಿನ್ನಿಗೆ ಬೇಕಾದ ಸಂದು ಹೆಚ್ಚುಕಮ್ಮಿ 0.05 ಮಿ.ಮೀ., ತಲೆಗೂದಲಿನಷ್ಟು. ಆ ಸಂದು ಸರಿಯಿದ್ದರೆ ಕಂಪನಿ ಪುಸ್ತಕದಲ್ಲಿ ಹೇಳಿದ ಆಯಿಲೇ ಸಾಕು. ಸರಿಯಿಲ್ಲದಿದ್ದರೆ 20W-50 ಅದನ್ನು ಮುಚ್ಚಿಡುತ್ತದೆ, ಅಷ್ಟೆ.

ಹಾಗಾದರೆ ಅಳೆಯುವವರು ಯಾರು? ಪ್ಲಾಸ್ಟಿಗೇಜ್ ಅಂತ ಒಂದು ಸಣ್ಣ ಮೇಣದೆಳೆ ಬರುತ್ತದೆ. ಪಿನ್ನಿನ ಮೇಲಿಟ್ಟು ಕ್ಯಾಪನ್ನು ಟಾರ್ಕಿಗೆ ಬಿಗಿದು ಬಿಚ್ಚಿದರೆ, ಅದು ಎಷ್ಟು ಅಗಲಕ್ಕೆ ಅಪ್ಪಚ್ಚಿಯಾಗಿದೆ ಅನ್ನುವುದರ ಮೇಲೆ ಸಂದು ಗೊತ್ತಾಗುತ್ತದೆ. ನಮ್ಮ ಕಡೆ ಕೈಯಲ್ಲಿ ಕ್ರ್ಯಾಂಕ್ ತಿರುಗಿಸಿ "ಫ್ರೀ ಅದ" ಎಂದರೆ ಅಳತೆ ಮುಗಿಯಿತು.

ಡಬ್ಬದ ಮೇಲಿನ ಅಂಕಿಯನ್ನೂ ನೋಡೋಣ. 20W ಅನ್ನುವುದು ಮೈನಸ್ 15 ಡಿಗ್ರಿ ಚಳಿಯ ಪರೀಕ್ಷೆ. ಯಳಂದೂರಿಗೆ ಅದರಿಂದ ಏನಾಗಬೇಕು? ನಮಗೆ ಬೇಕಾದದ್ದು ಎರಡನೆಯ ಅಂಕಿ. 100 ಡಿಗ್ರಿಯಲ್ಲಿ 40ರ ಆಯಿಲ್ 12.5ರಿಂದ 16.3 ಸೆಂಟಿಸ್ಟೋಕ್ಸ್ ಇರುತ್ತದೆ, 50ರದ್ದು ಅಲ್ಲಿಂದ ಮೇಲೆ 21.9ರೊಳಗೆ. ದಪ್ಪ ಹಾಕಿದಾಗ ಆಯಿಲ್ ಪ್ರೆಶರ್ ಗೇಜಿನ ಮುಳ್ಳು ಏರುತ್ತದೆ, ಓನರ್ ಮುಖ ಅರಳುತ್ತದೆ. ಆದರೆ ಮುಳ್ಳು ತೋರಿಸುವುದು ಆಯಿಲಿಗೆ ಎದುರಾಗುವ ತಡೆಯನ್ನು, ಬೇರಿಂಗಿಗೆ ಎಷ್ಟು ಆಯಿಲ್ ಹೋಯಿತು ಅನ್ನುವುದನ್ನಲ್ಲ. ಬೆಳಗ್ಗೆ ತಣ್ಣಗಿರುವ ಎಂಜಿನ್ನಿನಲ್ಲಿ ಪಂಪಿನ ರಿಲೀಫ್ ವಾಲ್ವ್ ತೆರೆದು ಒಂದಿಷ್ಟು ಆಯಿಲ್ ವಾಪಸ್ ಸಂಪಿಗೇ ಬೀಳುತ್ತದೆ, ತುದಿಯ ಬೇರಿಂಗ್ ಬಾಯಿ ಬಿಟ್ಟುಕೊಂಡು ಕಾಯುತ್ತದೆ.

ಹಾಗಂತ ದಪ್ಪ ಆಯಿಲಿನವರೆಲ್ಲ ಪೆದ್ದರಲ್ಲ. ಹನೂರಿನಿಂದ ಕೌದಳ್ಳಿ ದಾಟಿ, ತಾಳಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ಯುಗಾದಿ ಜಾತ್ರೆಯ ಬಿಸಿಲಲ್ಲಿ ಜನ ತುಂಬಿಕೊಂಡು ಎರಡನೇ ಗೇರಿನಲ್ಲಿ ಏರುವ ಹಳೆ ಡೀಸೆಲ್ ಗಾಡಿಗೆ ಕಾದಾಗಲೂ ಹರಿಯದ ಪದರ ಬೇಕು. ಪುಸ್ತಕ 50ಕ್ಕೆ ಒಪ್ಪಿಗೆ ಕೊಟ್ಟಿದ್ದರೆ ಅಂಥ ಗಾಡಿಗೆ ಹಾಕುವುದರಲ್ಲಿ ತಪ್ಪೇನಿಲ್ಲ. ಕಬ್ಬು ಹೇರಿಕೊಂಡು ಕುಂತೂರು ಫ್ಯಾಕ್ಟರಿ ಮುಂದೆ ನಿಲ್ಲುವ ಟ್ರ್ಯಾಕ್ಟರಿಗೂ, ಸ್ಪ್ಲೆಂಡರಿಗೂ ಅದನ್ನೇ ಸುರಿಯುವುದು ಮಾತ್ರ ಚಟ. ಸ್ಪ್ಲೆಂಡರಿನ ಕ್ರ್ಯಾಂಕಿಗೆ ಶೆಲ್ಲೇ ಇಲ್ಲ, ಬಾಲ್ ಬೇರಿಂಗು. ಕ್ಲಚ್ಚೂ ಅದೇ ಆಯಿಲಿನಲ್ಲಿ ಮುಳುಗಿರುತ್ತದೆ. ಅದಕ್ಕೆ 10W-30, ಡಬ್ಬದ ಮೇಲೆ ಜಾಸೋ ಎಂಎ ಗುರುತು, ಅಲ್ಲಿಗೆ ಮುಗಿಯಿತು.

ಆಯಿಲಿನ ನಂಬರಿಗಾಗಿ ಇಷ್ಟು ವಾದ ಮಾಡುವವರು ಹಳೆ ಶೆಲ್ಲನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಲಿ. ಬೂದು ಬಣ್ಣ ಸವೆದು ತಾಮ್ರ ಇಣುಕಿದ್ದರೆ, ಉದ್ದುದ್ದ ಗೀರು ಬಿದ್ದಿದ್ದರೆ, ಆ ಚೂರುಗಳೆಲ್ಲ ಈಗ ಎಲ್ಲಿವೆ? ಸ್ಟ್ರೇನರಿನಲ್ಲಿ, ಆಯಿಲ್ ಕೂಲರಿನಲ್ಲಿ, ಕ್ರ್ಯಾಂಕಿನ ಆಯಿಲ್ ಹೋಲಿನಲ್ಲಿ. ಅವನ್ನು ತೊಳೆಯದೆ ಕಟ್ಟಿದ ಎಂಜಿನ್ನಿಗೆ ಎಷ್ಟು ದುಬಾರಿ ಸಿಂಥೆಟಿಕ್ ಹಾಕಿದರೂ ಅದು ಆ ಚೂರುಗಳನ್ನೇ ಹೊತ್ತು ಹೊಸ ಶೆಲ್ಲಿಗೆ ಮುಟ್ಟಿಸುತ್ತದೆ. ಅದಕ್ಕೇ ಮೊದಲ ಆಯಿಲ್ ಸಾದಾ ಮಿನರಲ್ ಇದ್ದರೆ ಸಾಕು, 500 ಕಿ.ಮೀ.ಗೆ ಫಿಲ್ಟರ್ ಸಮೇತ ಇಳಿಸಿಬಿಡಬೇಕು. ಎರಡು ಸಲ ಆಯಿಲಿಗೆ ದುಡ್ಡು ಯಾಕೆ ಅಂತ ಓನರ್ ಗೊಣಗುತ್ತಾರೆ. ಗೊಣಗಲಿ.

ಯಳಂದೂರಿನ ಶೆಡ್ಡೊಂದರಲ್ಲಿ ಹಿರಿಯರೊಬ್ಬರು ಟ್ರ್ಯಾಕ್ಟರ್ ಎಂಜಿನ್ ಕಟ್ಟಿ ಮುಗಿಸಿದ್ದು ನೋಡಿದೆ. ಆಯಿಲ್ 15W-40, ಪುಸ್ತಕದ್ದೇ. ಫಿಲ್ಟರಿಗೂ ತುಂಬ ಆಯಿಲ್ ಸುರಿದು ತಿರುಗಿಸಿದರು. ಹುಡುಗನಿಗೆ ಸ್ಟಾಪ್ ನಾಬ್ ಎಳೆದು ಹಿಡಿಯೋಕೆ ಹೇಳಿ, ಡೀಸೆಲ್ ಹೋಗದಂತೆ ಸ್ಟಾರ್ಟರನ್ನಷ್ಟೇ ಬಿಟ್ಟು ಬಿಟ್ಟು ಹೊಡೆಸಿದರು. ನಾಲ್ಕನೆಯ ಸಲಕ್ಕೆ ಆಯಿಲ್ ಪ್ರೆಶರಿನ ಕೆಂಪು ಲೈಟ್ ಆರಿತು. "ಈಗ ಬುಡ್ಲಾ," ಅಂದರು.