ಕ್ರಿಮಿ–ಮೇದೋವಿಚಾರ

ಕ್ರಿಮಿಶಬ್ದಕ್ಕೆ ಕನ್ನಡದಲ್ಲಿ 'ಹುಳು' ಎಂಬ ಒಂದೇ ಪ್ರತಿಪದವನ್ನಿಟ್ಟು ಮುಂದೆ ಸಾಗುವ ಅನುವಾದಕರು ವೈದ್ಯಗ್ರಂಥಗಳ ಅಭಿಪ್ರಾಯವನ್ನು ಅರ್ಧಮಾತ್ರ ಗ್ರಹಿಸಿದಂತಾಗುವುದು. ಅಮರಸಿಂಹನು ಕೌಶೇಯವಸ್ತ್ರವು ಕ್ರಿಮಿಕೋಶದಿಂದ ಹುಟ್ಟಿದುದೆಂದು ಹೇಳುವಲ್ಲಿ ಆ ಶಬ್ದವು ರೇಷ್ಮೆಯ ಹುಳುವನ್ನು ಬೋಧಿಸುವುದು. ಚರಕಸಂಹಿತೆಯ ವಿಮಾನಸ್ಥಾನದ 7ನೆಯ ಅಧ್ಯಾಯದಲ್ಲಿಯಾದರೋ ಅದೇ ಶಬ್ದವು ಮನುಷ್ಯದೇಹವನ್ನಾಶ್ರಯಿಸಿ ಬಾಳುವ 20 ಬಗೆಯ ಜಂತುಗಳಿಗೆ ಸಲ್ಲುವುದು. ಈ ಅಧ್ಯಾಯದ ಒಂದು ಪದವನ್ನು ಹಿಡಿದು ಹಬ್ಬಬಹುದಾದ ತಪ್ಪರ್ಥವೊಂದನ್ನು ಇಲ್ಲಿ ಪರೀಕ್ಷಿಸಲಾಗುವುದು.

ಇಪ್ಪತ್ತನ್ನು ಎಣಿಸುವ ಮೊದಲು ಚರಕನು 'ಸಹಜ'ಗಳಾದ ಕ್ರಿಮಿಗಳನ್ನು ಬಿಟ್ಟು ಎಂದು ಹೇಳುವನು. ಅವು ವಿಕಾರವನ್ನುಂಟುಮಾಡದಿರುವುವೆಂದು ಚಕ್ರಪಾಣಿದತ್ತನ ವ್ಯಾಖ್ಯಾನ. ಇತ್ತ ಆಧುನಿಕರ ಶೋಧನೆಗಳು ಕುತೂಹಲಕರವಾಗಿವೆ. 2010ರಲ್ಲಿ ಪ್ರಕಟವಾದ ಚೆನ್ನೈ ನಗರದ ಅಧ್ಯಯನವೊಂದರಲ್ಲಿ ಆನೆಕಾಲು ರೋಗದ ಕ್ರಿಮಿಯ ಸೋಂಕು ಮಧುಮೇಹವಿಲ್ಲದವರಿಗಿಂತ ಮಧುಮೇಹಿಗಳಲ್ಲಿ ವಿರಳವೆಂದು ಕಂಡುಬಂದಿತು. 2011ರಲ್ಲಿ, ಕರುಳಿನ ಕ್ರಿಮಿ ಸೋಂಕಿದ ಇಲಿಗಳ ಮೇದಸ್ಸಿನಲ್ಲಿ ಇಯೋಸಿನೋಫಿಲ್ ಎಂಬ ರಕ್ತಕಣಗಳು ಹೆಚ್ಚಿ, ಸಕ್ಕರೆಯನ್ನು ತಾಳುವ ಶಕ್ತಿಯು ಉತ್ತಮವಾಯಿತೆಂದು ತಿಳಿದುಬಂದಿತು. ಎರಡನ್ನೂ ಜೋಡಿಸಿ, ಸ್ಥೂಲರಿಗೆ ಕ್ರಿಮಿಯು ಹಿತಕಾರಿಯೆಂಬುದು ಚರಕನಿಗೂ ವಿದಿತವಾಗಿತ್ತೆಂದು ಸಾಧಿಸುವ ಉತ್ಸಾಹವು ಹುಟ್ಟುವುದು ಸುಲಭ. ಚರಕನು ಕ್ರಿಮಿಗಳ ಪ್ರಭಾವವನ್ನು ಹೇಳುವಾಗ ಕಾರ್ಶ್ಯವನ್ನೂ ಸೇರಿಸಿರುವುದು ಈ ಪೂರ್ವಪಕ್ಷಕ್ಕೆ ಇನ್ನಷ್ಟು ಬಲವನ್ನು ಕೊಡುವುದು.

ಈ ಪಕ್ಷವು ನಿಲ್ಲಲಾರದು. ಕಾರ್ಶ್ಯವು ಅಲ್ಲಿ ಬಂದಿರುವುದು ಜ್ವರ, ಮೂರ್ಛೆ, ವಮನಗಳ ಸಾಲಿನಲ್ಲಿ. ಕಫಜಕ್ರಿಮಿಗಳ ನಿದಾನವು ಹಾಲು, ಬೆಲ್ಲ, ಎಳ್ಳು, ಹಿಟ್ಟಿನ ಭಕ್ಷ್ಯ, ಪರಮಾನ್ನಗಳೇ ಮೊದಲಾದ ಆಹಾರ. ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಸ್ಥೌಲ್ಯಕ್ಕೆ ಹೇಳಿದ ಗುರು, ಮಧುರ, ಸ್ನಿಗ್ಧ ಆಹಾರವೂ ಇದೇ ಜಾತಿಯದು. ಹೀಗಿರಲು, ಒಂದು ಇನ್ನೊಂದಕ್ಕೆ ಔಷಧವಾಗುವುದೆಂತು? ಇದೆಲ್ಲಕ್ಕಿಂತ ಪ್ರಬಲವಾದ ಸಾಧಕವು ವಾಯುವಿಳಂಗ. ಕ್ರಿಮಿಘ್ನಗಳಲ್ಲಿ ಅದು ಶ್ರೇಷ್ಠವೆಂದು ಸೂತ್ರಸ್ಥಾನದ 25ನೆಯ ಅಧ್ಯಾಯದಲ್ಲಿ ಹೇಳಿದವನೇ ಸ್ಥೂಲರ ಚಿಕಿತ್ಸೆಯಲ್ಲಿಯೂ ಅದನ್ನು ವಿಧಿಸಿರುವನು. ಸ್ಥೂಲನಲ್ಲಿ ಕ್ರಿಮಿಯನ್ನು ಸಾಕಬೇಕೆಂಬ ಅಭಿಪ್ರಾಯವಿದ್ದಿದ್ದರೆ ಅವನ ಬಾಯಿಗೆ ಕ್ರಿಮಿನಾಶಕವನ್ನೇ ಹಾಕುವುದು ಉಚಿತವೆ?

ಚರಕನ ಮಹತ್ತ್ವವು ಬೇರೆಡೆಯಲ್ಲಿದೆ. ಮೇದಸ್ಸು ಬರಿಯ ಹೊರೆಯಲ್ಲ. ಅದು ಬೆಳೆಯುತ್ತ ಇತರ ಧಾತುಗಳ ಪೋಷಣೆಯನ್ನು ತಡೆಯುವುದು, ವಾಯುವಿನ ಮಾರ್ಗವನ್ನು ಮುಚ್ಚಿ ಹಸಿವನ್ನು ಕೆರಳಿಸುವುದು ಎಂದು ಅವನು ಕಂಡನು. ಈ ಕಾಣ್ಕೆಗೆ ಹೊಸ ಶೋಧನೆಗಳ ಊರೆಗೋಲು ಬೇಕಿಲ್ಲ.

ಆಶ್ರಿತಜೀವಿಯು ಆಶ್ರಯದಾತನ ಮೇದಸ್ಸನ್ನು ಏನುಮಾಡೀತೆಂಬುದಕ್ಕೆ ಪ್ರತ್ಯಕ್ಷ ನಿದರ್ಶನವು ಬೇಕಾದರೆ ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆಯಂತಹ ರೇಷ್ಮೆಯ ಸೀಮೆಗೆ ಹೋಗಬೇಕು. ಅಲ್ಲಿ ಕೋಶಕಾರಕ್ರಿಮಿಯೇ ರೋಗಿ. ನಾಲ್ಕನೆಯ ಜ್ವರದಿಂದೆದ್ದ ಹುಳುವು (ಪೊರೆ ಬಿಡುವ ನಿದ್ದೆಗೆ ರೈತರು ಜ್ವರವೆನ್ನುವರು, ವೈದ್ಯರ ಜ್ವರವಲ್ಲ) ಹಗಲಿರುಳು ಹಿಪ್ಪುನೇರಳೆಯ ಸೊಪ್ಪನ್ನು ಮೇದು, ಮೊಟ್ಟೆಯೊಡೆದಂದಿನ ತೂಕದ ಸುಮಾರು 10,000 ಪಾಲಿನಷ್ಟಾಗುವುದು. ಆಹಾರವನ್ನೇ ಕೊಳ್ಳದ ಪತಂಗದ ದಶೆಗೆ ಬೇಕಾದ ಬುತ್ತಿಯು ಅದರ ಮೇದಃಪಿಂಡದಲ್ಲಿ ಶೇಖರವಾಗುವುದು. ರೋಗಾಣುಗಳನ್ನು ಕೊಲ್ಲುವ ಪದಾರ್ಥಗಳನ್ನು ಸಿದ್ಧಪಡಿಸುವುದೂ ಅದೇ ಪಿಂಡ. ಕಣಜವೂ ಆಯುಧಶಾಲೆಯೂ ಒಂದೇ ಮನೆಯಲ್ಲಿರುವುವು.

1980ರಲ್ಲಿ ಬಂಗಾಳದಿಂದ ಕರ್ಣಾಟಕಕ್ಕೆ ಬಂದ ಊಜಿ ನೊಣವು ಈ ಹುಳುವಿನ ಚರ್ಮದ ಮೇಲೆ ಮೊಟ್ಟೆಯಿಡುವುದು. ಎರಡು ಮೂರು ದಿನಗಳಲ್ಲಿ ಮರಿಯು ಒಳಹೊಗುವುದು. ಹೊಕ್ಕೆಡೆಯಲ್ಲಿ ಕರಿಯ ಕಲೆಯುಳಿಯುವುದು. ಹುಳುವಿನ ರಕ್ತಕಣಗಳು ವೈರಿಯನ್ನು ಸುತ್ತುಗಟ್ಟಿ ಪೊರೆಯನ್ನು ಕಟ್ಟಲೆಳಸುವುವು. ಈ ವರ್ಗದ ನೊಣಗಳ ಮರಿಗಳು ಆ ಪೊರೆಯನ್ನೇ ಉಸಿರಾಡುವ ಕೊಳವೆಯನ್ನಾಗಿ ಮಾಡಿಕೊಳ್ಳುವುವು! ಬಳಿಕ ಬಲಿತ ಮರಿಯು ಮೇದಃಪಿಂಡವನ್ನು ತಿಂದು ಕೊಬ್ಬುವುದು. ಬೇಗ ಸೋಂಕಿದ ಹುಳುವು ಚಂದ್ರಿಕೆಯನ್ನೇರುವ ಮೊದಲೇ ಸಾಯುವುದು. ತಡವಾಗಿ ಸೋಂಕಿದುದು ಗೂಡನ್ನು ಕಟ್ಟಿದರೂ ಊಜಿಯ ಮರಿಯು ಅದನ್ನು ಕೊರೆದು ಹೊರಬರುವುದು. ತೂತುಬಿದ್ದ ಗೂಡಿನಿಂದ ನೂಲು ಬಿಚ್ಚಲು ಬಾರದು. ಕೋಶಕಾರವು ತನ್ನ ಎಳೆಗಳಿಂದಲೇ ಸಾವನ್ನು ತಂದುಕೊಳ್ಳುವುದೆಂದು ಶಾರೀರಸ್ಥಾನದಲ್ಲಿ ಅಜ್ಞನಿಗೆ ಕೊಟ್ಟ ದೃಷ್ಟಾಂತವು ಈ ಹುಳುವಿನ ವಿಷಯದಲ್ಲಿ ಹೊಂದುವುದಿಲ್ಲ. ಇದರ ಸಾವು ಹೊರಗಿಂದ ಬಂದುದು.

ನೊಣದ ಮರಿಯೂ ಕರುಳಿನ ಜಂತುವೂ ಒಂದೇ ಅಲ್ಲ, ನಿಜ. ಮೊದಲನೆಯದು ಆಶ್ರಯವನ್ನು ಕೊಂದೇ ತೀರುವುದು, ಎರಡನೆಯದು ಬಹುಕಾಲ ಸುಲಿದು ಬಾಳುವುದು. ಕೊಕ್ಕೆಹುಳುವು ಸುಲಿಯುವುದು ಮಕ್ಕಳ ರಕ್ತವನ್ನು. ಚೆನ್ನೈಯ ಅಧ್ಯಯನವು ತೋರಿಸಿದುದು ಸಾಹಚರ್ಯವನ್ನೇ ಹೊರತು ಕಾರ್ಯಕಾರಣಭಾವವನ್ನಲ್ಲ. ಇಲಿಯಲ್ಲಿ ಕಂಡುದನ್ನು ಮನುಷ್ಯನಿಗೆ ಆರೋಪಿಸುವುದು ಅತಿವ್ಯಾಪ್ತಿ. 2015ರಿಂದ ಶಾಲೆಗಳಲ್ಲಿ ಜಂತುಹುಳುವಿನ ಮಾತ್ರೆಯನ್ನು ಹಂಚುವ ಉಪಾಧ್ಯಾಯರೇ ಚರಕನ ಹೆಸರಿನಲ್ಲಿ ಕ್ರಿಮಿಸ್ತುತಿಯನ್ನು ಪಾಠಹೇಳುವಂತಾದರೆ ಅದು ಗ್ರಂಥಕ್ಕೂ ಮಕ್ಕಳಿಗೂ ಅನ್ಯಾಯ. ವಿಮಾನಸ್ಥಾನವನ್ನು ಕನ್ನಡಿಸುವವರು 'ಸಹಜ' ಪದವನ್ನು 'ಹಿತಕರ'ವೆಂದು ತಿರುಗಿಸದೆ ಹಾಗೆಯೇ ಉಳಿಸಿ, ಚಕ್ರಪಾಣಿಯ ವಿವರಣೆಯನ್ನು ಅಡಿಯಲ್ಲಿ ಕೊಡುವುದು ಯುಕ್ತ. ವಿಕಾರವನ್ನುಂಟುಮಾಡದು ಎಂಬುದಕ್ಕೂ ಉಪಕಾರಮಾಡುವುದು ಎಂಬುದಕ್ಕೂ ನಡುವೆ ಇರುವ ಅಂತರವನ್ನು ಅವನೇನೂ ಅಳಿಸಿಲ್ಲ.