ಪಟ್ಟಣಕ್ಕೆ ಮೊದಲ ಸಲ

ಬೇಸಿಗೆ ರಜೆ ಬಂತೆಂದರೆ ಮಂಡ್ಯ, ಮದ್ದೂರು, ಮಳವಳ್ಳಿಯ ಮನೆಗಳಿಗೆ ಬರುವ ನೆಂಟರದು ಒಂದೇ ಬೇಡಿಕೆ: ಶ್ರೀರಂಗಪಟ್ಟಣ ತೋರಿಸಿ. ನಾವೂ ಕಾರು ಹತ್ತಿಸಿ ರಂಗನಾಥ, ದರಿಯಾ ದೌಲತ್, ಗುಂಬಜ್, ಸಂಗಮ, ನಿಮಿಷಾಂಬ, ರಂಗನತಿಟ್ಟು ಎಲ್ಲ ಸುತ್ತಿಸಿ, ಸಂಜೆಗೆ ಕೆಆರ್‌ಎಸ್‌ನ ಕಾರಂಜಿಯೆದುರು ನಿಲ್ಲಿಸುತ್ತೇವೆ. ಅಷ್ಟೆಲ್ಲ ನೋಡಿದವರಿಗೆ ಊರು ಮಾತ್ರ ಕಂಡಿರುವುದಿಲ್ಲ. ಮೊದಲ ಸಲ ಬರುವವರು ಪಟ್ಟಿಯಲ್ಲಿ ಅರ್ಧ ಹೊಡೆದುಹಾಕಿ, ಉಳಿದದ್ದನ್ನು ಬಾಗಿಲು ಮುಚ್ಚುವ ಹೊತ್ತು ನೋಡಿಕೊಂಡು ಜೋಡಿಸಬೇಕು.

ಬೆಳಗಿನ ರೈಲೇ ವಾಸಿ. ಎಕ್ಸ್‌ಪ್ರೆಸ್‌ವೇ ಊರನ್ನು ಬಳಸಿ ಹೋಗುತ್ತದೆ. ರೈಲಿನಲ್ಲಿ ಬಂದವರು ಊರಿರುವ ದ್ವೀಪದ ಮೇಲೇ ಇಳಿಯುತ್ತಾರೆ. ಜೋಡಿಹಳಿಗೆ ಜಾಗ ಬೇಕೆಂದು 2017ರಲ್ಲಿ ಟಿಪ್ಪುವಿನ ಶಸ್ತ್ರಾಗಾರವೊಂದನ್ನು ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದ್ದು ಈ ನಿಲ್ದಾಣದ ಹತ್ತಿರವೇ.

ರಂಗನಾಥನ ಗುಡಿ ಮಧ್ಯಾಹ್ನ ಬಾಗಿಲು ಹಾಕುವುದರಿಂದ ಅದೇ ಮೊದಲು. ವೈಕುಂಠ ಏಕಾದಶಿ, ರಥಸಪ್ತಮಿಯಂದು ದರ್ಶನ ಸಿಕ್ಕರೂ ಕಂಬಗಳ ಕೆತ್ತನೆ ಕಾಣದು. ಸಾದಾ ವಾರದ ದಿನ ಬನ್ನಿ. ಅಲ್ಲಿಂದ ಕೋಟೆಯೊಳಗೆ ಕಾಲ್ನಡಿಗೆ: ಜೋಡಿ ಮಿನಾರಿನ ಮಸೀದಿ, 1799ರ ಮೇ 4ರಂದು ಟಿಪ್ಪು ಮಡಿದ ಜಾಗ, ಕಾವೇರಿಯ ಕಡೆಗೆ ಕರ್ನಲ್ ಬೇಯ್ಲಿಯ ಹೆಸರಿನ ಸೆರೆಮನೆ. ಈ ಬೇಯ್ಲಿ ನೆನಪಿರಲಿ.

ಬಿಸಿಲೇರಿದ ಮೇಲೆ ದರಿಯಾ ದೌಲತ್. 1784ರ ಈ ತೇಗದ ಅರಮನೆಯನ್ನು ಹಸಿರು ಪರದೆಗಳು ಸುತ್ತ ಮುಚ್ಚಿರುವುದರಿಂದ ಹೊರಗೆ ನಿಂತವರಿಗೆ 'ಇಷ್ಟೇನಾ' ಅನ್ನಿಸುತ್ತದೆ. ಪರದೆಯಿರುವುದೇ ಚಿತ್ರಗಳನ್ನು ಕಾಯಲು. ಪಶ್ಚಿಮದ ಗೋಡೆಯ ಮುಂದೆ ಅರ್ಧ ಗಂಟೆಯಾದರೂ ನಿಲ್ಲಿ. 1780ರ ಪೊಳ್ಳಿಲೂರು ಕದನದಲ್ಲಿ ಇಂಗ್ಲಿಷರ ಮದ್ದಿನ ಬಂಡಿ ಸಿಡಿಯುತ್ತಿದೆ, ಚೌಕ ಕಟ್ಟಿ ನಿಂತ ಅವರ ದಂಡಿನ ನಡುವೆ ಪಲ್ಲಕ್ಕಿಯಲ್ಲಿ ಒಬ್ಬ ಕೂತಿದ್ದಾನೆ. ಬೆಳಿಗ್ಗೆ ಸೆರೆಮನೆಯಲ್ಲಿ ಹೆಸರು ಕೇಳಿದಿರಲ್ಲ, ಅವನೇ ಬೇಯ್ಲಿ. ಕೋಟೆ ನೋಡದೆ ನೇರ ಇಲ್ಲಿಗೆ ಬಂದವರಿಗೆ ಇದು ಬರೀ ಕುದುರೆ, ಬಂದೂಕುಗಳ ಗದ್ದಲ.

ಇಳಿಹೊತ್ತು ಗುಂಬಜ್‌ಗೆ. ನುಣುಪಾದ ಕರಿಕಲ್ಲಿನ ಕಂಬಗಳ ನಡುವೆ ಒಂದು ಸುತ್ತು ಬನ್ನಿ. ಒಳಗೆ ಹೈದರ್, ಅವನ ಹೆಂಡತಿ, ಮಗ ಟಿಪ್ಪುವಿನ ಗೋರಿಗಳು. ಹೊತ್ತಿದ್ದರೆ ಸಂಗಮ. ನಿಮಿಷಾಂಬೆಗೆ ಹರಕೆಯಿದ್ದವರು ಅಮಾವಾಸ್ಯೆಯಂದೇ ಹೋಗಲಿ. ಊರು ನೋಡುವವರಿಗೆ ಆ ದಿನ ಬೇಡ. ರಂಗನತಿಟ್ಟಿನ ಹಕ್ಕಿಗಳಿಗೆ ಇನ್ನೊಂದು ಮುಂಜಾನೆ ಮೀಸಲಿಡಿ.

ಇಲ್ಲಿನ ಆದಿರಂಗ, ಶಿವನಸಮುದ್ರದ ಮಧ್ಯರಂಗ, ತಮಿಳುನಾಡಿನ ಶ್ರೀರಂಗ, ಮೂರನ್ನೂ ಒಂದೇ ದಿನ ಮುಗಿಸುವವರಿದ್ದಾರೆ. ಅದು ಪುಣ್ಯದ ಲೆಕ್ಕ. ನೋಟದ ಲೆಕ್ಕಕ್ಕೆ ಆದಿರಂಗನ ಊರೊಂದೇ ಒಂದು ದಿನಕ್ಕೆ ಜಾಸ್ತಿ.