ಮಕ್ಕಳ ಅಂಗೈಗೆ ಒಗ್ಗುವ ಜೋಳದ ರೊಟ್ಟಿ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳ ಎರೆಭೂಮಿಯಲ್ಲಿ, ಮಳೆಗಾಲ ಮುಗಿದ ಮೇಲೆ ನೆಲದಲ್ಲುಳಿದ ತೇವವನ್ನೇ ನೆಚ್ಚಿ ಬೆಳೆಯುವ ಹಿಂಗಾರಿ ಬಿಳಿಜೋಳವು, ಅದರಲ್ಲೂ ಎಂ 35-1 ಎಂದು ಹೆಸರಾದ ಮಾಲದಂಡಿ ತಳಿಯು, ಮನೆಮನೆಯ ನಿತ್ಯದ ರೊಟ್ಟಿಗೆ ಆಧಾರವಾಗಿದೆ. ಗೋಧಿ ಹಿಟ್ಟಿಗೆ ಹಿಗ್ಗುವ ಗುಣ ಕೊಡುವ ಗ್ಲುಟೆನ್ ಎಂಬ ಅಂಟು ಪ್ರೋಟೀನು ಜೋಳದಲ್ಲಿ ಇಲ್ಲದಿರುವುದರಿಂದ, ಹಿಟ್ಟಿಗೆ ಎಸರನ್ನು, ಅಂದರೆ ಕುದಿಯುವ ನೀರನ್ನು, ಹೊಯ್ದು ಅದರ ಪಿಷ್ಟವನ್ನು ಅರೆಬೇಯಿಸಿ ಜಿಗುಟು ತರಿಸಲಾಗುತ್ತದೆ.

ಎಸರು ಮತ್ತು ಕಾದ ಹಂಚು ದೊಡ್ಡವರ ಪಾಲಿಗಿರಲಿ. ಆರಿದ ಹಿಟ್ಟನ್ನು ನಾದುವುದೂ ಬಡಿಯುವುದೂ ಮಕ್ಕಳಿಗೆ ಒಗ್ಗುವ, ಅವರು ಹಿಗ್ಗಿನಿಂದ ಮಾಡುವ ಕೆಲಸ. ಒಣಹಿಟ್ಟು ಉದುರಿಸಿದ ಹಲಗೆಯ ಮೇಲೆ ಪುಟ್ಟ ಉಂಡೆಯನ್ನಿಟ್ಟು, ಅಂಗೈಯಿಂದ ತಟ್ಟುತ್ತ ತಿರುಗಿಸುವಾಗ ಅಂಚು ಸೀಳಿದರೆ, ನೀರು ಸಾಲದಾಯಿತೆಂದೋ ನಾದಿದ್ದು ಕಡಿಮೆಯಾಯಿತೆಂದೋ ಮಗುವಿಗೆ ಕೈಯೇ ತಿಳಿಸಿಕೊಡುತ್ತದೆ. ಇಂಥ ಕಲಿಕೆ ಯಾವ ಆಟಿಕೆಯಿಂದಲೂ ದೊರೆಯದು. ಹಂಚಿಗೆ ಹಾಕಿದ ರೊಟ್ಟಿಯ ಮೇಲ್ಮೈಗೆ ನೀರು ಸವರಿ ಮಗುಚಿದ ಬಳಿಕ ಒಳಗಿನ ಹಬೆ ಅದನ್ನು ಉಬ್ಬಿಸುವುದನ್ನು ಮಕ್ಕಳು ಕಣ್ಣರಳಿಸಿ ನೋಡುತ್ತಾರೆ.

ನಾರಿನಂಶವುಳ್ಳ ಈ ರೊಟ್ಟಿಗೆ ಮಡಿಕೆಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು, ಹಸಿ ಮೆಂತ್ಯಸೊಪ್ಪು ಮತ್ತು ಉಳ್ಳಾಗಡ್ಡಿ ಜೊತೆಯಾದರೆ ಊಟ ತಾನಾಗಿಯೇ ಸಮತೋಲನಕ್ಕೆ ಬರುತ್ತದೆ. ತಾನೇ ಬಿಡಿಸಿದ ಸೊಪ್ಪನ್ನು ಮಗು ಬೇಡವೆನ್ನುವುದೂ ಅಪರೂಪ. ಎಳ್ಳಮಾವಾಸ್ಯೆಯ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುವ ಕೆಲಸವನ್ನಂತೂ ಮಕ್ಕಳಿಗೇ ಬಿಡಬಹುದು. ಅಂದು ಹೊಲಕ್ಕೆ ಬುತ್ತಿ ಒಯ್ದು, ಭೂತಾಯಿಗೆ ಎಡೆಯ ಅನ್ನವನ್ನು ಚೆಲ್ಲುವ ಚರಗದ ಆಚರಣೆ ಮುಗಿದ ಮೇಲೆ ಮನೆಮಂದಿಯೆಲ್ಲ ಅದೇ ರೊಟ್ಟಿಯನ್ನು ಬೆಳೆಯ ನಡುವೆ ಕುಳಿತು ಉಣ್ಣುತ್ತಾರೆ.